ಮಾರ್ಗಿಟ್‌ನನ್ನು ಸೋಲಿಸೋಕೆ ಲೆವೆಲ್ ಎಷ್ಟು ಬೇಕು?

ಪ್ರಶ್ನೆ: "ಎಲ್ಡನ್ ರಿಂಗ್ ಆಡುತ್ತಿದ್ದೇನೆ. ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲಲ್ಲಿ ಮಾರ್ಗಿಟ್ ಕೈಯಲ್ಲಿ ಸತ್ತು ಸತ್ತು ಸಾಕಾಗಿದೆ. ಲೆವೆಲ್ ಎಷ್ಟಾದ ಮೇಲೆ ಹೋಗಲಿ?"

ಎಲ್ಡನ್ ರಿಂಗ್ ಅನ್ನುವ ಈ ವಿಡಿಯೋ ಗೇಮ್ ಬಂದದ್ದು 2022ರ ಫೆಬ್ರವರಿಯಲ್ಲಿ. ಮಾರ್ಗಿಟ್ ಅಂದರೆ ಅದರಲ್ಲಿ ಕೋಟೆಯ ದಾರಿಗೆ ಅಡ್ಡ ನಿಲ್ಲುವ ಬಾಸ್, ಅಂದರೆ ದೊಡ್ಡ ಶತ್ರು. ಆವಾಗಿನಿಂದ ಈ ಪ್ರಶ್ನೆ ನಿಂತೇ ಇಲ್ಲ. ಒಬ್ಬರು ಕತ್ತಿ ಹಿಡಿದು ಕೇಳುತ್ತಾರೆ, ಇನ್ನೊಬ್ಬರು ಮಂತ್ರದ ಕೋಲು ಹಿಡಿದು ಕೇಳುತ್ತಾರೆ. ಪ್ರಶ್ನೆ ಮಾತ್ರ ಅದೇ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಒಂದು ಸಂಖ್ಯೆ ಬೇಕೇ ಬೇಕು ಅನ್ನುವವರಿಗೆ: 20ರಿಂದ 30ರ ನಡುವೆ ಎಲ್ಲಿದ್ದರೂ ಸಾಕು. ಕೇಳುವವರಲ್ಲಿ ಬಹಳಷ್ಟು ಜನ ಆಗಲೇ ಅಲ್ಲಿರುತ್ತಾರೆ. ಕೆಲವರಂತೂ 40 ದಾಟಿಸಿಕೊಂಡು ಬಂದು, "ಆದರೂ ಸಾಯುತ್ತಿದ್ದೇನೆ" ಅನ್ನುತ್ತಾರೆ. ಅಂದಮೇಲೆ ತೊಂದರೆ ಲೆವೆಲ್‌ನಲ್ಲಿ ಇಲ್ಲ ಅಲ್ವಾ?

ಮೊದಲು ಈ ಲೆವೆಲ್ ಭೂತ ಬಿಡಿಸೋಣ.

ಬೇರೆ ಕೆಲವು ಆಟಗಳಲ್ಲಿ ಲೆವೆಲ್ ನಿಜಕ್ಕೂ ದೊಡ್ಡ ವಿಷಯ. ಶತ್ರು 30, ನೀವು 20 ಆಗಿದ್ದರೆ ನಿಮ್ಮ ಏಟು ಅವನಿಗೆ ತಾಗುವುದೇ ಕಷ್ಟ. ಎರಡು ಸಂಖ್ಯೆಗಳನ್ನು ಹೋಲಿಸಿ ಲೆಕ್ಕ ಹಾಕುವ ಆಟಗಳು ಅವು. ಅಲ್ಲಿ ಆಡಿ ಅಭ್ಯಾಸ ಆದವರು ಆ ಲೆಕ್ಕವನ್ನೇ ಇಲ್ಲಿಗೂ ತರುತ್ತಾರೆ. ಇಲ್ಲಿ ಹಾಗಿಲ್ಲ. ಮಾರ್ಗಿಟ್ ನಿಮ್ಮ ಲೆವೆಲ್ ಎಷ್ಟು ಅಂತ ನೋಡುವುದೇ ಇಲ್ಲ. ನಿಮ್ಮ ಆಯುಧದ ಏಟು ಎಷ್ಟು, ನಿಮ್ಮ ಪ್ರಾಣ ಎಷ್ಟು, ನಿಮ್ಮ ಕವಚ ಎಷ್ಟು ತಡೆಯುತ್ತದೆ, ಇಷ್ಟೇ ಲೆಕ್ಕ.

ಒಂದು ಲೆವೆಲ್ ಏರಿದರೆ ಸಿಗುವುದೇನು? ಯಾವುದಾದರೂ ಒಂದು ಗುಣಕ್ಕೆ ಒಂದು ಪಾಯಿಂಟ್. ಜೊತೆಗೆ ರಕ್ಷಣೆ ಒಂದಿಷ್ಟು ಏರುತ್ತದೆ, ಕಣ್ಣಿಗೆ ಕಾಣದಷ್ಟು. ಲಾಂಗ್‌ಸೋರ್ಡ್ ಹಿಡಿದವರು ಸ್ಟ್ರೆಂತ್‌ಗೆ ಒಂದು ಪಾಯಿಂಟ್ ಹಾಕಿದರೆ ಏಟು ಒಂದೋ ಎರಡೋ ಜಾಸ್ತಿ ಆಗುತ್ತದೆ. ಅದೇ ಕತ್ತಿಯ ಮೂಲ ಏಟು 110. ಅದನ್ನು ಅಪ್‌ಗ್ರೇಡ್ ಮಾಡುತ್ತಾ ಪ್ಲಸ್ 25ರವರೆಗೆ ಒಯ್ದರೆ 269. ಲೆವೆಲ್ ಮುಟ್ಟದೇ ಎರಡೂವರೆ ಪಟ್ಟಿನ ಹತ್ತಿರ! ಅಷ್ಟು ದೂರ ಈಗ ಬೇಡ, ಪ್ಲಸ್ 3 ಸಾಕು. ಅಲ್ಲಿಗೇ ಏಟು 130ರ ಹತ್ತಿರ ಬರುತ್ತದೆ. ಅಷ್ಟನ್ನು ಬರೀ ಸ್ಟ್ರೆಂತ್‌ನಿಂದ ಗಳಿಸಲು ಎಷ್ಟು ಲೆವೆಲ್ ಬೇಕು ಅಂತ ನೀವೇ ಲೆಕ್ಕ ಹಾಕಿ. ಕತ್ತಿ ಮೊಂಡಾಗಿದ್ದರೆ ಮಸೆಯಬೇಕು. ತೋಳು ಬೆಳೆಸುತ್ತಾ ಕೂತರೆ ಏನು ಪ್ರಯೋಜನ?

ಪ್ಲಸ್ 3ಕ್ಕೆ ಬೇಕಾಗುವುದು ಮೊದಲ ದರ್ಜೆಯ 12 ಸ್ಮಿದಿಂಗ್ ಸ್ಟೋನ್, ಅಂದರೆ ಆಯುಧ ಅಪ್‌ಗ್ರೇಡ್ ಮಾಡುವ ಕಲ್ಲು. ಮೊದಲ ಹಂತಕ್ಕೆ 2, ಎರಡನೆಯದಕ್ಕೆ 4, ಮೂರನೆಯದಕ್ಕೆ 6. ಇಷ್ಟೂ ಆಟದ ಮೊದಲ ಪ್ರದೇಶವಾದ ಲಿಮ್‌ಗ್ರೇವ್‌ನಲ್ಲೇ ಸಿಗುತ್ತದೆ. ಅಗೀಲ್ ಕೆರೆಯ ಹತ್ತಿರದ ಲಿಮ್‌ಗ್ರೇವ್ ಟನಲ್ಸ್ ಗಣಿಗೆ ಹೋಗಿ, ಗೋಡೆಗಳನ್ನು ನೋಡುತ್ತಾ ನಡೆಯಿರಿ. ಅಪ್‌ಗ್ರೇಡ್ ಮಾಡುವ ಮೇಜು ಆಟದ ಶುರುವಿನಲ್ಲೇ ಸಿಗುವ ಚರ್ಚ್ ಆಫ್ ಎಲೆಯಲ್ಲಿದೆ. ಅದರ ಪಕ್ಕದಲ್ಲೇ ಕುದುರೆ ಓಡಿಸಿಕೊಂಡು ಹೋಗಿ, ಪ್ಲಸ್ 0 ಕತ್ತಿ ಹಿಡಿದು ಮಾರ್ಗಿಟ್ ಮುಂದೆ ನಿಲ್ಲುವವರು ಎಷ್ಟೋ ಜನ.

ಇನ್ನೂ ನಂಬಿಕೆ ಬರದಿದ್ದರೆ ಇದನ್ನು ಕೇಳಿ. ಈ ಆಟದಲ್ಲಿ ರೆಚ್ ಅನ್ನುವ ಪಾತ್ರ ಇದೆ. ಲೆವೆಲ್ 1ರಿಂದ ಶುರು, ಎಲ್ಲಾ ಗುಣಗಳೂ 10, ಕೈಯಲ್ಲೊಂದು ದೊಣ್ಣೆ, ಮೈಮೇಲೆ ಕವಚವಿಲ್ಲ. ಆ ಪಾತ್ರವನ್ನು ಒಂದೂ ಲೆವೆಲ್ ಏರಿಸದೆ ಇಡೀ ಆಟ ಮುಗಿಸಿದವರಿದ್ದಾರೆ. "ಅವರೆಲ್ಲ ಪಂಟರು ಬಿಡಿ" ಅನ್ನುವ ಉತ್ತರ ತಕ್ಷಣ ಬರುತ್ತದೆ. ಸರಿ, ಪಂಟರೇ. ನೀವು ಹಾಗೆ ಆಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಪಂಟರು ಲೆವೆಲ್ ಬಿಟ್ಟರೂ ಆಯುಧದ ಅಪ್‌ಗ್ರೇಡ್ ಬಿಡುವುದು ಅಪರೂಪ. ಯಾಕೆ ಅಂತ ಒಂದು ಕ್ಷಣ ಯೋಚಿಸಿ.

ಹಾಗಾದರೆ "ನಾನು ಲೆವೆಲ್ ಏರಿಸಿಕೊಂಡು ಬಂದೆ, ಗೆದ್ದೆ" ಅನ್ನುವವರು ಸುಳ್ಳು ಹೇಳುತ್ತಿದ್ದಾರಾ? ಇಲ್ಲ. ಅವರು ಲೆವೆಲ್ ಏರಿಸಲು ಅಂತ ಊರೂರು ಸುತ್ತಿದರು. ಆ ಸುತ್ತಾಟದಲ್ಲಿ ಕಲ್ಲು ಸಿಕ್ಕಿತು, ಗೋಲ್ಡನ್ ಸೀಡ್ ಸಿಕ್ಕಿ ಫ್ಲಾಸ್ಕ್ (ಕುಡಿದರೆ ಪ್ರಾಣ ತುಂಬುವ ಮದ್ದು) ಸಂಖ್ಯೆ ಏರಿತು, ದಕ್ಷಿಣದ ವೀಪಿಂಗ್ ಪೆನಿನ್ಸುಲಾದ ಚರ್ಚುಗಳಲ್ಲಿ ಸೇಕ್ರೆಡ್ ಟಿಯರ್ ಸಿಕ್ಕಿ ಒಂದೊಂದು ಗುಟುಕಿಗೂ ಬಲ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಯಾವಾಗ ಹೊಡೆಯಬೇಕು, ಯಾವಾಗ ಉರುಳಿ ಏಟು ತಪ್ಪಿಸಿಕೊಳ್ಳಬೇಕು ಅಂತ ಕೈಗೆ ಗೊತ್ತಾಯಿತು. ಆದರೆ ಪರದೆಯ ಮೇಲೆ ದೊಡ್ಡದಾಗಿ ಕಾಣುವುದು ಲೆವೆಲ್ ಒಂದೇ. ಹಾಗಾಗಿ ಹೆಸರೆಲ್ಲ ಅದಕ್ಕೇ. ಒಂದೇ ಜಾಗದಲ್ಲಿ ನಿಂತು ಅದೇ ಸೈನಿಕರನ್ನು ಕೊಂದು ಕೊಂದು ಲೆವೆಲ್ ಮಾಡಿದವರಿಗೆ ಇದ್ಯಾವುದೂ ಸಿಗಲಿಲ್ಲ. 40ರಲ್ಲೂ ಸಾಯುತ್ತಿರುವವರು ಇವರೇ.

ಲೆವೆಲ್ ಪಾಯಿಂಟ್ ಇದ್ದರೆ ಪ್ರಾಣ ಏರಿಸುವ ಗುಣವಾದ ವಿಗರ್‌ಗೆ ಹಾಕಿ, ಅಷ್ಟೇ ನನ್ನ ಸಲಹೆ. ವಿಗರ್ 40ರಲ್ಲಿ ಪ್ರಾಣ 1450, 60ರಲ್ಲಿ 1900, 99ರಲ್ಲಿ ಬರೀ 2100. 60 ಆದ ಮೇಲೆ ಹಾಕಿದ್ದೆಲ್ಲ ಹೆಚ್ಚುಕಮ್ಮಿ ದಂಡ. ನೀವಿನ್ನೂ ಅಲ್ಲಿಂದ ತುಂಬಾ ದೂರ ಇದ್ದೀರಿ, ಧೈರ್ಯವಾಗಿ ಹಾಕಿ.

ಈಗ ಹೊಡೆದಾಟ. ಮಾರ್ಗಿಟ್ ನಿಮ್ಮನ್ನು ಕೊಲ್ಲುವುದು ವೇಗದಿಂದಲ್ಲ, ತಡ ಮಾಡುವುದರಿಂದ. ಕೋಲು ಮೇಲೆತ್ತುತ್ತಾನೆ. ಅಲ್ಲೇ ನಿಲ್ಲಿಸುತ್ತಾನೆ. ನೀವು ಹೆದರಿ ಉರುಳುತ್ತೀರಿ. ನೀವು ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಕೋಲು ಇಳಿಯುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿದ್ದಲ್ಲ. ಕೋಲು ಎತ್ತಿದ್ದನ್ನು ನೋಡಿ ಉರುಳಬೇಡಿ, ಇಳಿಯಲು ಶುರುವಾದದ್ದನ್ನು ನೋಡಿ ಉರುಳಿ.

ಹಿಂದಕ್ಕೆ ಉರುಳುವುದೂ ತಪ್ಪು. ಅವನ ಕೋಲು ಉದ್ದ, ಹಿಂದೆ ಹೋದರೂ ಸಿಗುತ್ತೀರಿ. ಉರುಳುವಾಗ ಮೊದಲ ಕ್ಷಣಗಳಲ್ಲಿ ಯಾವ ಏಟೂ ತಾಗುವುದಿಲ್ಲ. ಆ ಕ್ಷಣವನ್ನು ಬಳಸಿ ಏಟಿನ ಒಳಗೇ ನುಗ್ಗಿ ಅವನ ಪಕ್ಕಕ್ಕೆ ಹೋಗಿ. ಪೂರ್ತಿ ಬೆನ್ನ ಹಿಂದೆ ನಿಂತು ಆರಾಮಾಗಿರಬೇಡಿ, ಬಾಲದಿಂದ ಬೀಸುತ್ತಾನೆ. ಇನ್ನೊಂದು ವಿಷಯ, ಹೊತ್ತ ಭಾರ ನಿಮ್ಮ ಮಿತಿಯ ಶೇಕಡ 70 ದಾಟಿದರೆ ಉರುಳಾಟ ಹೋಗಿ ದೊಪ್ಪನೆ ಬೀಳುವುದಾಗುತ್ತದೆ. ಆಗ ಒಂದು ಕವಚ ಬಿಚ್ಚಿಡಿ.

ಸಣ್ಣ ಏಟುಗಳಿಗಿಂತ ಹಾರಿ ಹೊಡೆಯುವ ಭಾರಿ ಏಟು ಒಳ್ಳೆಯದು. ಬಾಸ್‌ಗೆ ಕಣ್ಣಿಗೆ ಕಾಣದ ಇನ್ನೊಂದು ಅಳತೆ ಇದೆ, ಅವನ ನಿಲುವಿನದು. ಭಾರಿ ಏಟುಗಳು ಅದನ್ನು ಬೇಗ ಇಳಿಸುತ್ತವೆ. ಖಾಲಿಯಾದಾಗ ಮಂಡಿಯೂರುತ್ತಾನೆ. ಆಗ ಎದುರಿಗೆ ಹೋಗಿ ಒಂದು ಕ್ರಿಟಿಕಲ್, ಅಂದರೆ ವಿಶೇಷ ದೊಡ್ಡ ಏಟು, ಕೊಡಿ. ಹೊಡೆಯದೆ ಸುಮ್ಮನಿದ್ದರೆ ಆ ಅಳತೆ ಮತ್ತೆ ತುಂಬಿಕೊಳ್ಳುತ್ತದೆ, ಹಾಗಾಗಿ ದೂರ ದೂರ ಓಡುತ್ತಾ ಇರಬೇಡಿ. ಪ್ರಾಣ ಅರ್ಧದ ಹತ್ತಿರ ಇಳಿದಾಗ ಬೆಳಕಿನ ಸುತ್ತಿಗೆ ತೆಗೆಯುತ್ತಾನೆ. ನೋಡಲು ಭಯಂಕರ. ಆದರೆ ಹಾರಿ ಅದನ್ನು ನೆಲಕ್ಕೆ ಬಡಿದ ಮೇಲೆ ನಿಮಗೆ ಹೊಡೆಯಲು ಒಳ್ಳೆಯ ಸಮಯ ಸಿಗುತ್ತದೆ.

ಸಹಾಯ ಬೇಕಿದ್ದರೆ ಬೇಕಾದಷ್ಟಿದೆ. ಕುದುರೆ ಸಿಕ್ಕ ಮೇಲೆ ಚರ್ಚ್ ಆಫ್ ಎಲೆಗೆ ವಾಪಸ್ ಹೋದರೆ ರೆನ್ನಾ ಅನ್ನುವ ಮಾಟಗಾತಿ ಒಂದು ಗಂಟೆಯನ್ನೂ, ಅದರಿಂದ ಸಹಾಯಕ್ಕೆ ಕರೆಯಬಹುದಾದ ಮೂರು ತೋಳಗಳನ್ನೂ ಕೊಡುತ್ತಾಳೆ. ಬಾಗಿಲ ಮಂಜಿನ ಹತ್ತಿರ ರೋಜಿಯರ್ ಅನ್ನುವ ಮಂತ್ರವಾದಿಯ ಬಂಗಾರದ ಗುರುತು ನೆಲದ ಮೇಲೆ ಇರುತ್ತದೆ, ಅವನನ್ನೂ ಕರೆಯಬಹುದು. ಮರ್ಕ್‌ವಾಟರ್ ಗುಹೆಯ ಪ್ಯಾಚಸ್ ಶರಣಾದಾಗ ಕೊಲ್ಲದೆ ಬಿಟ್ಟರೆ 5000 ರೂನ್‌ಗೆ (ಆಟದೊಳಗಿನ ಹಣ) ಒಂದು ಸಂಕೋಲೆ ಮಾರುತ್ತಾನೆ. ಹೊಡೆದಾಟದ ಮೊದಲ ಹಂತದಲ್ಲಿ ಅದು ಎರಡು ಸಲ ಮಾರ್ಗಿಟ್‌ನನ್ನು ನೆಲಕ್ಕೆ ಕಟ್ಟಿಹಾಕುತ್ತದೆ. ಇದೆಲ್ಲ ಮೋಸ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಆಟ ಮಾಡಿದವರೇ ಇಟ್ಟ ವಸ್ತುಗಳಿವು. ಅಷ್ಟಕ್ಕೂ ಅವನನ್ನು ಬಿಟ್ಟು ಕೋಟೆಯ ಪಕ್ಕದ ಬಂಡೆದಾರಿಯಲ್ಲಿ ಮುಂದಿನ ಪ್ರದೇಶವಾದ ಲಿಯುರ್ನಿಯಾಗೆ ಹೋಗಲೂಬಹುದು.

ಮೋಸ ಅಂದಾಗ ನೆನಪಾಯಿತು. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಮಾರ್ಗಿಟ್ ಮೋಸ ಮಾಡುತ್ತಾನಾ? ನೀವು ದೂರ ಹೋಗಿ ಫ್ಲಾಸ್ಕ್ ಎತ್ತಿದ ಕ್ಷಣಕ್ಕೇ ಬೆಳಕಿನ ಚಾಕು ಎಸೆಯುತ್ತಾನೆ. ಒಂದೆರಡು ಸಲ ಆದರೆ ಕಾಕತಾಳೀಯ ಅನ್ನಬಹುದು. ಪದೇ ಪದೇ ಆಗುತ್ತದೆ. ಆಟಗಾರರು ಇದಕ್ಕೆ ಇನ್‌ಪುಟ್ ರೀಡಿಂಗ್ ಅನ್ನುತ್ತಾರೆ. ನೀವು ಕುಡಿಯಲು ಶುರು ಮಾಡಿದ್ದೇ ಅವನಿಗೆ ಸೂಚನೆ. ಮನುಷ್ಯ ಎದುರಾಳಿಯೂ ನೀವು ಕುಡಿಯುವುದನ್ನು ಕಂಡರೆ ಸುಮ್ಮನಿರುತ್ತಿರಲಿಲ್ಲ ಅನ್ನಿ. ಆದರೆ ಇವನ ಕಣ್ಣು ಒಂದು ಕ್ಷಣವೂ ತಪ್ಪುವುದಿಲ್ಲ, ಕೋಪ ಬರುವುದು ಅದಕ್ಕೇ.

ಇದಕ್ಕೆ ಮದ್ದೂ ಇದೆ. ಅವನು ಒಂದು ಏಟು ಶುರು ಮಾಡಿದ ಮೇಲೆ ಅದನ್ನು ಮಧ್ಯದಲ್ಲಿ ಬಿಟ್ಟು ಚಾಕು ಎಸೆಯಲಾರ. ಅವನು ಗಾಳಿಗೆ ಹಾರಿ ನೆಲಕ್ಕೆ ಅಪ್ಪಳಿಸುತ್ತಾನಲ್ಲ, ಅದನ್ನು ಪಕ್ಕಕ್ಕೆ ಉರುಳಿ ತಪ್ಪಿಸಿಕೊಂಡ ತಕ್ಷಣ ಕುಡಿಯಿರಿ. ದೂರ ಓಡಿ ಕುಡಿಯಬೇಡಿ. ಒಂದೇ ಗುಟುಕು, ಎರಡನೆಯದಕ್ಕೆ ಆಸೆ ಪಡಬೇಡಿ. ಕುಡಿದ ತಕ್ಷಣ ರೋಲ್ ಬಟನ್ ಮೇಲೆ ಬೆರಳಿರಲಿ, ಅಷ್ಟರಲ್ಲಿ ಚಾಕು ಬಂದೇ ಬರುತ್ತದೆ.