ಚಿಲಿನ್: ಪುರಾಣದ ಮೃಗಕ್ಕೆ ಜಿರಾಫೆ ಗಂಟುಬಿದ್ದದ್ದು ಹೇಗೆ?

ಜಪಾನಿನ ಮೃಗಾಲಯದಲ್ಲಿ 'ಕಿರಿನ್' ಎಂದರೆ ಜಿರಾಫೆ; ಅಲ್ಲಿನ ಬಿಯರ್ ಬಾಟಲಿಯ ಮೇಲೆ 'ಕಿರಿನ್' ಎಂದರೆ ಮೈಯೆಲ್ಲ ಹುರುಪೆಯ ಪುರಾಣಮೃಗ. ಎರಡೂ ಹೆಸರು ಬಂದದ್ದು ಚೀನಾದ 'ಚಿಲಿನ್'ನಿಂದ. ಆದರೆ ಇಂದು ಚೀನಾದಲ್ಲಿ ಜಿರಾಫೆಯನ್ನು ಯಾರೂ ಚಿಲಿನ್ ಎನ್ನುವುದಿಲ್ಲ, 'ಉದ್ದಕತ್ತಿನ ಜಿಂಕೆ' ಎನ್ನುತ್ತಾರೆ. ಇದರ ಮೇಲೆ ಪಾಶ್ಚಾತ್ಯರು 'ಚೀನಾದ ಯೂನಿಕಾರ್ನ್' (ಒಂಟಿಕೊಂಬಿನ ಮೃಗ) ಎಂಬ ಇನ್ನೊಂದು ಹೆಸರನ್ನೂ ಅಂಟಿಸಿದ್ದಾರೆ.

ಹಳೆಯ ನಂಬಿಕೆಯ ಪ್ರಕಾರ 'ಚಿ' ಗಂಡು, 'ಲಿನ್' ಹೆಣ್ಣು. ಜಿಂಕೆಯ ಮೈ, ಎತ್ತಿನ ಬಾಲ, ಯಾರನ್ನೂ ತಿವಿಯದಂತೆ ತುದಿಯಲ್ಲಿ ಮಾಂಸವಿರುವ ಕೊಂಬು. ಹಸಿ ಹುಲ್ಲನ್ನೂ ತುಳಿಯದು. ಧರ್ಮಿಷ್ಠ ದೊರೆ ಆಳುವಾಗಷ್ಟೇ ಕಾಣಿಸುತ್ತದೆ. ಕ್ರಿ.ಪೂ. 481ರಲ್ಲಿ ಲು ರಾಜ್ಯದ ಬೇಟೆಯಲ್ಲಿ ಒಂದು ಸಿಕ್ಕಿಬಿತ್ತಂತೆ. ಕಾಲವಲ್ಲದ ಕಾಲಕ್ಕೆ ಬಂತಲ್ಲ ಎಂದು ಕನ್ಫ್ಯೂಷಿಯಸ್ ಅತ್ತನೆಂಬುದು ಪ್ರತೀತಿ. ಮುಂದೆ ಶತಮಾನಗಟ್ಟಲೆ ಅದು ಚಿತ್ರ, ಶಿಲ್ಪಗಳಲ್ಲೇ ಉಳಿಯಿತು.

ಗೋಜಲು ಶುರುವಾದದ್ದು ಚೀನಾದ ಮಿಂಗ್ ರಾಜವಂಶದ ಆಸ್ಥಾನದಲ್ಲಿ. ಸಾಮ್ರಾಟ ಯೋಂಗ್ಲೆ 1402ರಲ್ಲಿ ಅಣ್ಣನ ಮಗನಿಂದ ಸಿಂಹಾಸನ ಕಿತ್ತುಕೊಂಡಿದ್ದ. ಅಂಥವನ ಆಳ್ವಿಕೆಗೆ ದೈವದ ಒಪ್ಪಿಗೆ ಇದೆಯೆಂದು ತೋರಿಸುವ ಶಕುನ ಯಾರಿಗೆ ಬೇಡವಾಗಿತ್ತು? 1414ರಲ್ಲಿ ಬಂಗಾಳದ ಸುಲ್ತಾನ ಜಿರಾಫೆಯೊಂದನ್ನು ಕಾಣಿಕೆಯಾಗಿ ಕಳಿಸಿದ. ಪ್ರಾಣಿ ಆಫ್ರಿಕಾದ್ದು, ಆ ಹೊತ್ತಿಗೆ ಯೋಂಗ್ಲೆಯ ನೌಕಾಧಿಪತಿ ಝೆಂಗ್ ಹೆಯ ಹಡಗುಗಳು ಹಿಂದೂ ಮಹಾಸಾಗರವನ್ನು ಸುತ್ತುತ್ತಿದ್ದವು. ಆಫ್ರಿಕಾದ ಸೊಮಾಲಿ ಭಾಷೆಯಲ್ಲಿ ಜಿರಾಫೆಗೆ 'ಗೆರಿ' ಎಂಬ ಹೆಸರಿದೆ; ಅದು ಚೀನೀ ಕಿವಿಗೆ ಚಿಲಿನ್‌ನಂತೆ ಕೇಳಿಸಿರಬಹುದು ಎಂದು ವಿದ್ವಾಂಸರ ಊಹೆ. ಕೇಳಿಸಿತೋ, ಕೇಳಿಸಿಕೊಂಡರೋ! ಕೊಂಬು ಎರಡಿದ್ದರೂ ಯಾರೂ ತಕರಾರು ತೆಗೆಯಲಿಲ್ಲ. ಆಸ್ಥಾನದ ಪಂಡಿತ ಶೆನ್ ದು ಅದನ್ನು ಹೊಗಳಿ ಪ್ರಶಸ್ತಿ ಬರೆದ. ಅದರೊಡನೆ ಜಿರಾಫೆಯ ಚಿತ್ರವೂ ಉಳಿದುಬಂದಿದೆ. ಮಂತ್ರಿಗಳು ಅಭಿನಂದನೆ ಸಲ್ಲಿಸಲು ಮುಂದಾದಾಗ ಸಾಮ್ರಾಟ ಬೇಡವೆಂದ: ಚಿಲಿನ್ ಇಲ್ಲದಿದ್ದರೂ ಒಳ್ಳೆಯ ಆಡಳಿತಕ್ಕೇನು ಅಡ್ಡಿ? ಮಾತು ದೊಡ್ಡದೇ. ಮರುವರ್ಷ ಪೂರ್ವ ಆಫ್ರಿಕಾದ ಮಾಲಿಂದಿಯಿಂದ ಇನ್ನೊಂದು ಬಂದಾಗ ಮಾತ್ರ ಅರಮನೆಯ ಬಾಗಿಲಿಗೆ ತಾನೇ ಹೋಗಿ ಬರಮಾಡಿಕೊಂಡ.

1433ರ ಹೊತ್ತಿಗೆ ಆ ಮಹಾಯಾನಗಳು ನಿಂತವು. ಜಿರಾಫೆಗಳು ಬರುವುದೂ ಕ್ರಮೇಣ ನಿಂತಿತು, ಹೆಸರು ಮತ್ತೆ ಪುರಾಣಕ್ಕೆ ಮರಳಿತು. ಜಪಾನಿನಲ್ಲಿ ಮಾತ್ರ 1907ರಲ್ಲಿ ಟೋಕಿಯೊದ ಉಯೆನೊ ಮೃಗಾಲಯಕ್ಕೆ ಬಂದ ಜಿರಾಫೆಗಳಿಗೆ 'ಕಿರಿನ್' ಎಂದೇ ಹೆಸರಾಯಿತು, ಅದೇ ಗಟ್ಟಿಯಾಯಿತು.

ಚೀನಾದಲ್ಲಿ ಮಿಂಗ್ ನಂತರ ಬಂದ ಚಿಂಗ್ ವಂಶದ ದೊರೆಗಳು ಈ ಸಾಧುಮೃಗವನ್ನು ಮೊದಲ ದರ್ಜೆಯ ಸೇನಾಧಿಕಾರಿಗಳ ಎದೆಯ ಮೇಲೆ ಕಸೂತಿ ಮಾಡಿಸಿದರು, ಅದೊಂದು ವಿಚಿತ್ರ. ಜನಸಾಮಾನ್ಯರಿಗೆ ಅದು ಮಕ್ಕಳ ಫಲ ಕೊಡುವ ಮೃಗ. ಹೊಸವರ್ಷದ ಚಿತ್ರಪಟಗಳಲ್ಲಿ ಗಂಡುಮಗುವನ್ನು ಬೆನ್ನ ಮೇಲೆ ಕೂರಿಸಿಕೊಂಡು ಅದು ಮನೆಗೆ ಬರುತ್ತದೆ.