ತೆಳು ಲ್ಯಾಪ್‌ಟಾಪ್‌ಗಳ ಪೈಪೋಟಿ: 999 ಡಾಲರ್ ಗೆರೆಯ ಸುತ್ತ

ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ಬಿಚ್ಚಿ ನೋಡಿದವರಿಗೆ ಗೊತ್ತಿರುತ್ತದೆ. ಒಳಗೆ ಉದ್ದುದ್ದ ಸೆಲ್‌ಗಳು ಸಾಲಾಗಿ ಮಲಗಿರುತ್ತವೆ. 18650 ಅಂತ ಅವುಗಳ ಅಳತೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಸೆಲ್ ಒಂದೇ 18 ಮಿ.ಮೀ. ಇದ್ದು, ಅದಕ್ಕೆ ಹೊದಿಕೆ, ಮೇಲೊಂದು ಸ್ಕ್ರೀನ್ ಸೇರಿದರೆ ಲ್ಯಾಪ್‌ಟಾಪ್ ಒಂದು ಇಂಚಿನ ಆಸುಪಾಸಿಗೆ ಬಂದೇ ಬರುತ್ತದೆ. ಜೊತೆಗೆ 12.7 ಮಿ.ಮೀ. ಎತ್ತರದ ಡಿವಿಡಿ ಡ್ರೈವ್, 9.5 ಮಿ.ಮೀ.ನ ಹಾರ್ಡ್‌ಡಿಸ್ಕ್, ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಅಗಲ ಬಾಯಿಯ ಪೋರ್ಟ್. 2000ರ ದಶಕದ ಮಧ್ಯದವರೆಗೂ ಲ್ಯಾಪ್‌ಟಾಪ್‌ಗಳು ದಪ್ಪಗಿದ್ದದ್ದು ವಿನ್ಯಾಸ ಮಾಡುವವರ ಕೈಲಾಗದೆ ಅಲ್ಲ. ಸುಲಭಕ್ಕೆ ಸಿಗುವ ಬಿಡಿಭಾಗಗಳೇ ಹಾಗಿದ್ದವು.

ತೆಳ್ಳಗೆ ಮಾಡಬೇಕು ಅಂದರೆ ಬಿಡಿಭಾಗಗಳನ್ನು ಬೇರೆಯಾಗಿಯೇ ಮಾಡಿಸಬೇಕಿತ್ತು. ಚಪ್ಪಟೆ ಬ್ಯಾಟರಿ, ಚಿಕ್ಕ ಡಿಸ್ಕ್, ಕಡಿಮೆ ಬಿಸಿಯಾಗುವ ಪ್ರೊಸೆಸರ್, ಮೆಗ್ನೀಸಿಯಂ ಇಲ್ಲವೇ ಕಾರ್ಬನ್ ಫೈಬರ್ ಮೈ. ಇವೆಲ್ಲ ಸಣ್ಣ ಸಂಖ್ಯೆಯಲ್ಲಿ ತಯಾರಾಗುತ್ತಿದ್ದುದರಿಂದ ದುಬಾರಿ. 1990ರ ದಶಕದ ಕೊನೆಯಲ್ಲಿ ಮಿತ್ಸುಬಿಷಿ ಪೀಡಿಯಾನ್ ಅನ್ನುವ ಲ್ಯಾಪ್‌ಟಾಪ್ ತಂದಿತು. ದಪ್ಪ 18.4 ಮಿ.ಮೀ., ಬೆಲೆ ಸುಮಾರು 6,000 ಡಾಲರ್. ಆಮೇಲೆ ಬಂದ ಸೋನಿಯ ವಯೋ ಎಕ್ಸ್505 ಇನ್ನೂ ಅಚ್ಚರಿ ಹುಟ್ಟಿಸುವಂಥದ್ದು. ಮುಂಭಾಗದಲ್ಲಿ 10 ಮಿ.ಮೀ.ಗಿಂತ ತೆಳು, ತೂಕ 800 ಗ್ರಾಂ ಒಳಗೆ. ಬೆಲೆ 3,000 ಡಾಲರ್ ಆಸುಪಾಸು. ಇಂಥವನ್ನು ಕೊಳ್ಳುತ್ತಿದ್ದವರು ಹೆಚ್ಚಾಗಿ ಕಂಪನಿ ದುಡ್ಡಿನಲ್ಲಿ ವಿಮಾನ ಹತ್ತುವವರು. ಅವರು ಕೆಲಸಕ್ಕಿಂತ ತೋರಿಸಿಕೊಳ್ಳೋದಕ್ಕೇ ಜಾಸ್ತಿ ಬಳಸುತ್ತಿದ್ದರು ಅನ್ನೋದು ನನ್ನ ಗುಮಾನಿ.

2008ರ ಜನವರಿ 15ರಂದು ಆ್ಯಪಲ್‌ನ ಸ್ಟೀವ್ ಜಾಬ್ಸ್ ವೇದಿಕೆ ಮೇಲೆ ಕಾಗದದ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದದ್ದು ಎಲ್ಲರಿಗೂ ನೆನಪಿದೆ. ಅದರ ಬೆಲೆಪಟ್ಟಿ ಮಾತ್ರ ಅಷ್ಟಾಗಿ ನೆನಪಿಲ್ಲ. ಶುರುವಿನ ಬೆಲೆ 1,799 ಡಾಲರ್. ಆ ದುಡ್ಡಿಗೆ ಸಿಗುತ್ತಿದ್ದದ್ದು 80 ಜಿಬಿಯ ನಿಧಾನದ ಹಾರ್ಡ್‌ಡಿಸ್ಕ್, ಒಂದೇ ಒಂದು ಯುಎಸ್‌ಬಿ ಪೋರ್ಟ್, ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿದ 2 ಜಿಬಿ ಮೆಮೊರಿ. ಡಿವಿಡಿ ಡ್ರೈವ್ ಇಲ್ಲ. 64 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದೆ ಚಿಪ್‌ನಲ್ಲೇ ಮಾಹಿತಿ ಇಡುವ ವೇಗದ ಡಿಸ್ಕ್) ಬೇಕಿದ್ದರೆ 999 ಡಾಲರ್ ಬೇರೆ ಕೊಡಬೇಕು. ಎಸ್‌ಎಸ್‌ಡಿ ಜೊತೆಗೆ ವೇಗದ ಪ್ರೊಸೆಸರನ್ನೂ ಸೇರಿಸಿದರೆ ಬೆಲೆ 3,098 ಡಾಲರ್ ಮುಟ್ಟುತ್ತಿತ್ತು. ಪ್ರೊಸೆಸರ್ ಮಾಡುವ ಇಂಟೆಲ್ ಕೂಡ ಇದಕ್ಕಾಗಿಯೇ ತನ್ನ ಕೋರ್ 2 ಡ್ಯುಯೋ ಚಿಪ್‌ನ ಹೊರಕವಚವನ್ನು ಅರ್ಧಕ್ಕಿಂತ ಚಿಕ್ಕದಾಗಿ ಮಾಡಿಕೊಟ್ಟಿತ್ತು.

ಇಲ್ಲೊಂದು ವಿಷಯ ಗಮನಿಸಬೇಕು. ತೆಳ್ಳಗಿರುವುದಕ್ಕೆ ಗ್ರಾಹಕ ಎರಡು ಸಲ ಬೆಲೆ ತೆರುತ್ತಿದ್ದ. ಒಂದು, ನೇರವಾಗಿ ಜಾಸ್ತಿ ದುಡ್ಡು. ಇನ್ನೊಂದು, ಯಂತ್ರದಿಂದ ಕಿತ್ತುಹಾಕಿದ ಸೌಕರ್ಯಗಳು. ಮುಂದಿನ ವರ್ಷಗಳಲ್ಲಿ ಮೊದಲನೆಯದು ಕಡಿಮೆಯಾಗುತ್ತಾ ಬಂತು. ಎರಡನೆಯದು ಹಾಗೇ ಉಳಿಯಿತು.

ಅದೇ ಹೊತ್ತಿಗೆ ಪೈಪೋಟಿ ಇನ್ನೊಂದು ತುದಿಯಿಂದಲೂ ಶುರುವಾಗಿತ್ತು. 2007ರ ಕೊನೆಗೆ ಏಸಸ್‌ನ ಈ-ಪಿಸಿ ಬಂತು. 7 ಇಂಚಿನ ಸ್ಕ್ರೀನ್, 4 ಜಿಬಿ ಜಾಗ, ಒಂದು ಕಿಲೋಗಿಂತ ಕಡಿಮೆ ತೂಕ, 399 ಡಾಲರ್. ಮರುವರ್ಷ ಇಂಟೆಲ್‌ನ ಆ್ಯಟಂ ಚಿಪ್ ಬಂದ ಮೇಲೆ ಎಲ್ಲ ಕಂಪನಿಗಳೂ ನೆಟ್‌ಬುಕ್ ಅನ್ನುವ ಇಂಥ ಪುಟ್ಟ, ಅಗ್ಗದ ಲ್ಯಾಪ್‌ಟಾಪ್ ಮಾಡಲು ಮುಗಿಬಿದ್ದವು. ಕೀಬೋರ್ಡ್ ಇಕ್ಕಟ್ಟು, ಬ್ರೌಸರ್ ತೆರೆಯಲೂ ತಿಣುಕಾಟ. ಆದರೂ ಜನ ಕೊಂಡರು. ಹಗುರವಾದ ಕಂಪ್ಯೂಟರ್ ಬೇಕು, ಅದಕ್ಕೆ 2,000 ಡಾಲರ್ ಕೊಡೋಕೆ ಆಗಲ್ಲ ಅನ್ನುವವರು ಎಷ್ಟೊಂದು ಮಂದಿ ಇದ್ದಾರೆ ಅನ್ನೋದು ಆಗ ಗೊತ್ತಾಯಿತು. ಈ ನಡುವೆ ಡೆಲ್ 2009ರಲ್ಲಿ 1,999 ಡಾಲರ್‌ಗೆ ಅಡಾಮೊ ಅನ್ನುವ 16.4 ಮಿ.ಮೀ.ನ ಲ್ಯಾಪ್‌ಟಾಪ್ ತಂದು, ಎರಡು ವರ್ಷದಲ್ಲಿ ಕೈಬಿಟ್ಟಿತು. ಆ ಬೆಲೆಗೆ ಗಿರಾಕಿಗಳು ತೀರಾ ಕಡಿಮೆ.

ನನ್ನ ಪ್ರಕಾರ ನಿಜವಾದ ತಿರುವು 2008 ಅಲ್ಲ, 2010ರ ಅಕ್ಟೋಬರ್. ಅವತ್ತು ಬಂದ 11 ಇಂಚಿನ ಮ್ಯಾಕ್‌ಬುಕ್ ಏರ್ ಬೆಲೆ 999 ಡಾಲರ್. ಡಿಸ್ಕ್ ಬದಲು 64 ಜಿಬಿಯ ಫ್ಲ್ಯಾಶ್ ಚಿಪ್, 2 ಜಿಬಿ ಮೆಮೊರಿ, ಆಗಲೇ ಹಳತಾಗಿದ್ದ ಕೋರ್ 2 ಡ್ಯುಯೋ. ಕಾಗದದ ಮೇಲೆ ಏನೂ ಇಲ್ಲ ಅನ್ನಿಸುತ್ತದೆ. ಆದರೆ ತಿರುಗುವ ಡಿಸ್ಕ್ ಹೋಗಿದ್ದರಿಂದ ಮುಚ್ಚಳ ತೆಗೆದ ಕೂಡಲೇ ಎಚ್ಚರವಾಗುತ್ತಿತ್ತು. ಮರುವರ್ಷ ಆ್ಯಪಲ್ ತನ್ನ ಬಿಳಿ ಪ್ಲಾಸ್ಟಿಕ್ ಮ್ಯಾಕ್‌ಬುಕ್ ಮಾರುವುದನ್ನು ನಿಲ್ಲಿಸಿ, ಏರ್ ಅನ್ನೇ ಮೊದಲ ಮೆಟ್ಟಿಲು ಮಾಡಿತು. ತೆಳು ಲ್ಯಾಪ್‌ಟಾಪ್ ಶೋಕಿ ವಸ್ತುವಿನಿಂದ ಮಾಮೂಲಿ ವಸ್ತು ಆದದ್ದು ಹೀಗೆ. 999 ಅನ್ನುವ ಗೆರೆ ಬಿದ್ದದ್ದೂ ಇಲ್ಲೇ.

ಇದು ವಿಂಡೋಸ್ ಕಂಪನಿಗಳ ಮಗ್ಗುಲಿಗೆ ಮುಳ್ಳಾಯಿತು. ಅವರ ಬಳಿ ಆ ಬೆಲೆಗೆ ಸರಿಸಾಟಿಯಾದ ಮಾಲು ಇರಲಿಲ್ಲ. ಆಗ ಮುಂದೆ ಬಂದದ್ದು ಇಂಟೆಲ್. 2011ರ ಮೇ ಕೊನೆಗೆ ತೈವಾನ್‌ನ ಕಂಪ್ಯೂಟೆಕ್ಸ್ ಮೇಳದಲ್ಲಿ ಇಂಟೆಲ್‌ನ ಶಾನ್ ಮಲೋನಿ ಅಲ್ಟ್ರಾಬುಕ್ ಯೋಜನೆ ಘೋಷಿಸಿದರು. 20 ಮಿ.ಮೀ. ಒಳಗಿನ ದಪ್ಪ, 1,000 ಡಾಲರ್ ಒಳಗಿನ ಬೆಲೆ. 2012ರ ಕೊನೆಗೆ ಮನೆಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ಶೇ. 40ರಷ್ಟು ಇವೇ ಇರಬೇಕು ಅನ್ನುವ ಗುರಿ. ಬಿಡಿಭಾಗ ಮಾಡುವ ಕಂಪನಿಗಳಲ್ಲಿ ಹೂಡಲು 30 ಕೋಟಿ ಡಾಲರ್ ನಿಧಿಯನ್ನೂ ಇಂಟೆಲ್ ಕೆಲವೇ ತಿಂಗಳಲ್ಲಿ ಪ್ರಕಟಿಸಿತು.

ಆದರೆ ಲೆಕ್ಕ ಕೂಡಿಬರಲಿಲ್ಲ. ಕಡಿಮೆ ವಿದ್ಯುತ್ ಬಳಸುವ ಇಂಟೆಲ್ ಪ್ರೊಸೆಸರ್‌ಗಳ ಪಟ್ಟಿ ಬೆಲೆಯೇ 200 ಡಾಲರ್ ದಾಟಿತ್ತು. ಅದರ ಮೇಲೆ ಎಸ್‌ಎಸ್‌ಡಿ, ಲೋಹದ ಮೈ, ವಿಂಡೋಸ್ ಲೈಸೆನ್ಸ್. ಮೊದಲ ಕಂತಿನಲ್ಲಿ ಬಂದ ಏಸಸ್ ಜೆನ್‌ಬುಕ್ ಸರಿಯಾಗಿ 999 ಡಾಲರ್‌ನಿಂದ ಶುರುವಾಗುತ್ತಿತ್ತು. ಏಸರ್ ಆಸ್ಪೈರ್ ಎಸ್3ಯನ್ನು 899ಕ್ಕೆ ಇಳಿಸಲು 320 ಜಿಬಿಯ ಮಾಮೂಲಿ ಹಾರ್ಡ್‌ಡಿಸ್ಕನ್ನೇ ಹಾಕಿ, ಬೇಗ ಎಚ್ಚರವಾಗಲಿ ಅಂತ ಪಕ್ಕದಲ್ಲಿ 20 ಜಿಬಿಯ ಪುಟ್ಟ ಎಸ್‌ಎಸ್‌ಡಿ ಕೂರಿಸಿದರು. ಹೊಸ ಕಾರಿಗೆ ಹಳೇ ಇಂಜಿನ್ ಇಟ್ಟ ಹಾಗೆ. ಬೆಲೆ ಇಳಿಸಲು ಉಳಿದ ದಾರಿ ಒಂದೇ, ಇಂಟೆಲ್ ತನ್ನ ಚಿಪ್‌ನ ದರ ಇಳಿಸುವುದು. ಬೇರೆಯವರಿಗೆ ಖರ್ಚು ಕಡಿಮೆ ಮಾಡಿ ಅನ್ನೋದು ಸುಲಭ, ತನ್ನ ಲಾಭ ಬಿಟ್ಟುಕೊಡೋದು ಅಷ್ಟು ಸುಲಭ ಅಲ್ವಲ್ಲ.

ಇಂಟೆಲ್ ಚಿಪ್‌ನ ದರದಿಂದ ಬೆಲೆಯಲ್ಲಿ ಬೀಳುತ್ತಿದ್ದ ಅಂತರ ಎಷ್ಟು ಅಂತ ತಿಳಿಯಬೇಕಿದ್ದರೆ 2012ರ ಎಚ್‌ಪಿ ಎನ್ವಿ ಸರಣಿ ನೋಡಬೇಕು. ಅಲ್ಟ್ರಾಬುಕ್ ಅನ್ನೋದು ಇಂಟೆಲ್‌ನ ಟ್ರೇಡ್‌ಮಾರ್ಕ್. ಅದರ ಎದುರಾಳಿ ಎಎಂಡಿಯ ಚಿಪ್ ಹಾಕಿದರೆ ಆ ಹೆಸರು ಬಳಸುವಂತಿಲ್ಲ. ಅದಕ್ಕೆ ಎಚ್‌ಪಿ ಸ್ಲೀಕ್‌ಬುಕ್ ಅಂತ ಬೇರೆ ಹೆಸರಿಟ್ಟು, ಎಎಂಡಿ ಮಾದರಿಯನ್ನು 599 ಡಾಲರ್‌ನಿಂದ ಮಾರಿತು. ಅದೇ ಸರಣಿಯ ಅಲ್ಟ್ರಾಬುಕ್ 749ರಿಂದ ಶುರು. ಎರಡರ ಚೆಹರೆಯೂ ಹೆಚ್ಚುಕಡಿಮೆ ಒಂದೇ. ಮಾರುಕಟ್ಟೆ ಅಂದಾಜು ಮಾಡುವ ಐಎಚ್‌ಎಸ್ ಐಸಪ್ಲೈ ಸಂಸ್ಥೆ ಆ ವರ್ಷ 2.2 ಕೋಟಿ ಅಲ್ಟ್ರಾಬುಕ್ ಹೋಗಬಹುದು ಅಂದಿತ್ತು. ಅಕ್ಟೋಬರ್ ಹೊತ್ತಿಗೆ ಅದನ್ನು ಒಂದು ಕೋಟಿಯ ಆಸುಪಾಸಿಗೆ ಇಳಿಸಿತು. ಅತ್ತ ಆ್ಯಪಲ್ ಕೈಕಟ್ಟಿ ಕೂರಲಿಲ್ಲ. 13 ಇಂಚಿನ ಏರ್ ಬೆಲೆ 2010ರಲ್ಲಿ 1,299 ಇದ್ದದ್ದು 2012ರಲ್ಲಿ 1,199, 2013ರಲ್ಲಿ 1,099, 2014ರಲ್ಲಿ 999ಕ್ಕೆ ಬಂತು. ಪ್ರತಿ ಸಲ ಎದುರಾಳಿಗಳು ಗೆರೆಯ ಹತ್ತಿರ ಬರುತ್ತಿದ್ದಂತೆ ಆ್ಯಪಲ್ ಇನ್ನೂ ದೊಡ್ಡ ಯಂತ್ರವನ್ನು ಅದೇ ಗೆರೆಗೆ ತಂದು ನಿಲ್ಲಿಸುತ್ತಿತ್ತು.

ಹಾಗಂತ ಅಲ್ಟ್ರಾಬುಕ್ ಯೋಜನೆ ದಂಡವಾಯಿತು ಅನ್ನೋಕಾಗಲ್ಲ. ಚಪ್ಪಟೆ ಬ್ಯಾಟರಿ, 7 ಮಿ.ಮೀ. ಡಿಸ್ಕ್, ತೆಳು ಸ್ಕ್ರೀನ್‌ಗಳು ದೊಡ್ಡ ಸಂಖ್ಯೆಯಲ್ಲಿ ತಯಾರಾಗತೊಡಗಿದವು. ಹೆಸರು ಮರೆಯಾಯಿತು, ಬಿಡಿಭಾಗಗಳು ಉಳಿದವು. 2015ರಲ್ಲಿ ಡೆಲ್ ಎಕ್ಸ್‌ಪಿಎಸ್ 13 ಬಂದಾಗ ಸ್ಕ್ರೀನ್ ಸುತ್ತಲಿನ ಅಂಚನ್ನು ಕಿರಿದಾಗಿಸಿ, 11 ಇಂಚಿನ ಲ್ಯಾಪ್‌ಟಾಪ್‌ನ ಗಾತ್ರದಲ್ಲಿ 13 ಇಂಚಿನ ಸ್ಕ್ರೀನ್ ಕೊಟ್ಟಿತು. ಬೆಲೆ 799 ಡಾಲರ್‌ನಿಂದ. ಮರುವರ್ಷ ಶಿಯೋಮಿ ಚೀನಾದಲ್ಲಿ 13.3 ಇಂಚಿನ ಮಿ ನೋಟ್‌ಬುಕ್ ಏರ್ ಅನ್ನು 4,999 ಯುವಾನ್‌ಗೆ ತಂದಿತು. 14.8 ಮಿ.ಮೀ. ದಪ್ಪ, ಒಳಗೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಬೇರೆ. ಮೈಕಟ್ಟಿಗಾಗಿ ಜಾಸ್ತಿ ಬೆಲೆ ಕೇಳುವ ಕಾಲ ಮುಗಿಯುತ್ತಾ ಬಂದಿತ್ತು.

ಆಗ ಕೆಲವು ಕಂಪನಿಗಳು ಇನ್ನೂ ತೆಳ್ಳಗೆ ಮಾಡಿ ಬೆಲೆ ಉಳಿಸಿಕೊಳ್ಳಲು ಹೊರಟವು. ಇದು ಈ ಇತಿಹಾಸದಲ್ಲೇ ಅತ್ಯಂತ ಪೆದ್ದ ಅಧ್ಯಾಯ ಅಂತ ನನಗನ್ನಿಸುತ್ತದೆ. 2015ರ 12 ಇಂಚಿನ ಮ್ಯಾಕ್‌ಬುಕ್: 13.1 ಮಿ.ಮೀ., 920 ಗ್ರಾಂ, ಫ್ಯಾನ್ ಇಲ್ಲ, ಚಾರ್ಜ್ ಮಾಡೋಕೂ ಪೆನ್‌ಡ್ರೈವ್ ಹಾಕೋಕೂ ಸೇರಿ ಒಂದೇ ಯುಎಸ್‌ಬಿ-ಸಿ ಪೋರ್ಟ್. ಬೆಲೆ 1,299. 2016ರಲ್ಲಿ ಎಚ್‌ಪಿ ಸ್ಪೆಕ್ಟರ್ 13 10.4 ಮಿ.ಮೀ.ಗೆ ಇಳಿಯಿತು, 1,169 ಡಾಲರ್. 2018ರಲ್ಲಿ ಏಸರ್ ಸ್ವಿಫ್ಟ್ 7 8.98 ಮಿ.ಮೀ., 1,699 ಡಾಲರ್. ಈ ಕೊನೆಯದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದರ ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುವುದಿಲ್ಲ, ಒಳಗೆ ಇಳಿಯಲು ಜಾಗವೇ ಇಲ್ಲ. ಪ್ರೊಸೆಸರ್ ಕೂಡ ಹಿಂದಿನ ತಲೆಮಾರಿನ, ಫ್ಯಾನ್ ಬೇಡದ ಮೆಲ್ಲಗಿನ ಚಿಪ್. ಅದಕ್ಕಿಂತ ಸಾವಿರ ಡಾಲರ್ ಕಡಿಮೆಯ, ಅರ್ಧ ಸೆಂ.ಮೀ. ಹೆಚ್ಚು ದಪ್ಪದ ಲ್ಯಾಪ್‌ಟಾಪ್ ಅದಕ್ಕಿಂತ ವೇಗವಾಗಿ ಕೆಲಸ ಮಾಡುತ್ತಿತ್ತು. ಏಕೆಂದರೆ ಇಂಟೆಲ್ 2017ರಲ್ಲೇ 15 ವ್ಯಾಟ್‌ನ ಚಿಪ್‌ಗಳಲ್ಲಿ ನಾಲ್ಕು ಕೋರ್ (ಒಟ್ಟೊಟ್ಟಿಗೆ ಕೆಲಸ ಮಾಡುವ ಘಟಕಗಳು) ಕೊಡಲು ಶುರು ಮಾಡಿತ್ತು.

ಆ್ಯಪಲ್‌ಗೂ ಬಿಸಿ ತಟ್ಟಿತು. 12 ಇಂಚಿನ ಮ್ಯಾಕ್‌ಬುಕ್‌ಗಾಗಿ ಮಾಡಿದ ಬಟರ್‌ಫ್ಲೈ ಕೀಬೋರ್ಡ್ ತೀರಾ ತೆಳು, ಪುಡಿ ಧೂಳು ಹೋದರೂ ಕೀ ಸಿಕ್ಕಿಕೊಳ್ಳುತ್ತಿತ್ತು. 2018ರಲ್ಲಿ ಉಚಿತ ರಿಪೇರಿ ಘೋಷಿಸಬೇಕಾಯಿತು. ಅಮೆರಿಕದ ಮೊಕದ್ದಮೆಯನ್ನು 2022ರಲ್ಲಿ 5 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. 10 ಮಿ.ಮೀ. ಕೆಳಗೆ ಇಳಿಯುವ ಹುಚ್ಚು ಅಲ್ಲಿಗೆ ಬಹುಮಟ್ಟಿಗೆ ಇಳಿಯಿತು. ತೂಕದ ಪೈಪೋಟಿ ಮಾತ್ರ ಬೇರೆ ದಾರಿ ಹಿಡಿಯಿತು. ಎಲ್‌ಜಿಯ ಗ್ರಾಂ ಸರಣಿ ದಪ್ಪಕ್ಕೆ ತಲೆ ಕೆಡಿಸಿಕೊಳ್ಳದೆ ಮೆಗ್ನೀಸಿಯಂ ಮೈಯಲ್ಲಿ ತೂಕ ಇಳಿಸಿತು. 2019ರಲ್ಲಿ 17 ಇಂಚಿನ ಲ್ಯಾಪ್‌ಟಾಪ್ ಕೂಡ 1.4 ಕಿಲೋ ಒಳಗೆ ಬಂತು. ಬ್ಯಾಗ್ ಹೊರುವ ಹೆಗಲಿಗೆ ಮಿಲಿಮೀಟರ್ ಗೊತ್ತಾಗಲ್ಲ, ಗ್ರಾಂ ಗೊತ್ತಾಗುತ್ತದೆ.

2020ರಲ್ಲಿ ಇಂಟೆಲ್‌ಗೆ ಎರಡು ಕಡೆಯಿಂದ ಪೆಟ್ಟು ಬಿತ್ತು. ವರ್ಷದ ಮೊದಲರ್ಧದಲ್ಲಿ ಎಎಂಡಿಯ ರೈಜನ್ 4000 ಸರಣಿ. ತೆಳು ಲ್ಯಾಪ್‌ಟಾಪ್‌ನ 15 ವ್ಯಾಟ್ ಮಿತಿಯಲ್ಲೇ ಎಂಟು ಕೋರ್. ಅದನ್ನು ಹಾಕಿದ ಏಸರ್ ಸ್ವಿಫ್ಟ್ 3 ತೂಕ 1.2 ಕಿಲೋ, 512 ಜಿಬಿ ಎಸ್‌ಎಸ್‌ಡಿ, ಬೆಲೆ 649 ಡಾಲರ್. ಎಲ್ಲಿ ಉಳಿಸಿದ್ದಾರೆ ಅನ್ನೋದು ಸ್ಕ್ರೀನ್ ಹಾಕಿದ ತಕ್ಷಣ ಕಾಣುತ್ತಿತ್ತು. ಮಂಕು ಬೆಳಕು, ಬಣ್ಣ ಸಪ್ಪೆ. ವರ್ಷದ ಕೊನೆಗೆ ಆ್ಯಪಲ್ ತಾನೇ ವಿನ್ಯಾಸ ಮಾಡಿದ ಎಂ1 ಚಿಪ್‌ನ ಏರ್. ಫ್ಯಾನ್ ಇಲ್ಲ, ಬಿಸಿ ಇಲ್ಲ, ವೇಗ ಇದೆ, ಬೆಲೆ ಅದೇ 999. ಇಂಟೆಲ್‌ಗೆ ಕೊಡುತ್ತಿದ್ದ ದುಡ್ಡು ಈಗ ಆ್ಯಪಲ್ ಜೇಬಲ್ಲೇ ಉಳಿಯಿತು. ಇದೇ ಯಂತ್ರವನ್ನು 2024ರ ಮಾರ್ಚ್‌ನಲ್ಲಿ ವಾಲ್‌ಮಾರ್ಟ್ 699ಕ್ಕೆ ಮಾರಿದಾಗ ಅದಕ್ಕೆ ಮೂರು ವರ್ಷ ದಾಟಿತ್ತು. ಆದರೂ ಆ ಬೆಲೆಯ ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೆ ಅದು ತಲೆನೋವೇ ಆಗಿತ್ತು.

ಈ ಹೊತ್ತಿಗೆ ಲಾಭದ ಜಾಗವೂ ಬದಲಾಗಿತ್ತು. ಮೈಕಟ್ಟಿನಿಂದ ಮೆಮೊರಿಗೆ. ಎಂ1 ಏರ್‌ನಲ್ಲಿ 999ಕ್ಕೆ ಸಿಗುತ್ತಿದ್ದದ್ದು 8 ಜಿಬಿ ಮೆಮೊರಿ, 256 ಜಿಬಿ ಜಾಗ. 16 ಜಿಬಿ ಬೇಕಾ? 200 ಡಾಲರ್. 512 ಜಿಬಿ ಬೇಕಾ? ಇನ್ನೊಂದು 200. ಜಾಹೀರಾತಿನಲ್ಲಿ 999, ನೆಮ್ಮದಿಯಾಗಿ ಬಳಸಲು 1,399. ಆಮೇಲೆ ಹಾಕಿಸಿಕೊಳ್ಳೋಣ ಅನ್ನೋಕೆ ದಾರಿ ಇಲ್ಲ. ಹೀಗೆ ಮಾಡುವವರು ಆ್ಯಪಲ್ ಒಬ್ಬರೇ ಅಲ್ಲ, ತೆಳು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲೂ ಮೆಮೊರಿ ಬೆಸುಗೆ ಹಾಕಿಯೇ ಬರುವುದು ಜಾಸ್ತಿ. ಇದನ್ನು ಬರೀ ದುರಾಸೆ ಅನ್ನುವುದೂ ತಪ್ಪು. ಕಡಿಮೆ ವಿದ್ಯುತ್ ಬಳಸುವ ಎಲ್‌ಪಿಡಿಡಿಆರ್ ಮೆಮೊರಿ ಪ್ರೊಸೆಸರ್‌ಗೆ ಅಂಟಿಕೊಂಡಂತೆ ಇರಬೇಕು, ಅದು ಬಹುಕಾಲ ಬೆಸುಗೆ ಹಾಕುವ ರೂಪದಲ್ಲಷ್ಟೇ ಸಿಗುತ್ತಿತ್ತು. ಬ್ಯಾಟರಿ ದಿನಪೂರ್ತಿ ಬರುವುದರಲ್ಲಿ ಅದರ ಪಾಲೂ ಇದೆ. ಆದರೆ 8 ಜಿಬಿಗೆ 200 ಡಾಲರ್ ಅನ್ನುವ ದರಕ್ಕೂ ಭೌತಶಾಸ್ತ್ರಕ್ಕೂ ಸಂಬಂಧ ಇಲ್ಲ. 2021ರಲ್ಲಿ ಫ್ರೇಮ್‌ವರ್ಕ್ ಅನ್ನುವ ಚಿಕ್ಕ ಕಂಪನಿ 15.85 ಮಿ.ಮೀ., 1.3 ಕಿಲೋದಲ್ಲೇ ಮೆಮೊರಿ, ಎಸ್‌ಎಸ್‌ಡಿ, ಬ್ಯಾಟರಿ ಎಲ್ಲ ಬಿಚ್ಚಿ ಬದಲಿಸಬಹುದಾದ ಲ್ಯಾಪ್‌ಟಾಪ್ ಮಾಡಿ ತೋರಿಸಿತು. ಪೂರ್ತಿ ಜೋಡಿಸಿ ಕೊಡುತ್ತಿದ್ದ ಮಾದರಿಯ ಶುರುವಿನ ಬೆಲೆಯೂ 999.

8 ಜಿಬಿಯ ಕಟ್ಟು ಕೊನೆಗೆ ಸಡಿಲಿಸಿದ್ದು ಎಐ ಗದ್ದಲ. ಮೈಕ್ರೋಸಾಫ್ಟ್ 2024ರ ಜೂನ್‌ನಲ್ಲಿ ಎಐ ಕೆಲಸಗಳಿಗೆಂದು ಕೋಪೈಲಟ್ ಪ್ಲಸ್ ಪಿಸಿ ಅನ್ನುವ ಲ್ಯಾಪ್‌ಟಾಪ್ ವರ್ಗ ತಂದಾಗ ಕನಿಷ್ಠ 16 ಜಿಬಿ ಮೆಮೊರಿ ಇರಲೇಬೇಕು ಅಂದಿತು. ಕ್ವಾಲ್‌ಕಾಮ್ ಚಿಪ್‌ನ ಸರ್ಫೇಸ್ ಲ್ಯಾಪ್‌ಟಾಪ್ 16 ಜಿಬಿಯೊಂದಿಗೆ 999ಕ್ಕೆ ನಿಂತಿತು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಆ್ಯಪಲ್ ಕೂಡ ಬೆಲೆ ಏರಿಸದೆ ಏರ್‌ಗಳಿಗೆ 16 ಜಿಬಿ ಕೊಟ್ಟಿತು. 2022ರಲ್ಲಿ 1,199, 2024ರ ಮೊದಲಲ್ಲಿ 1,099 ಅಂತ ಗೆರೆ ದಾಟಿದ್ದ ಹೊಸ ಏರ್‌ಗಳ ಬೆಲೆ 2025ರ ಎಂ4 ಮಾದರಿಯಲ್ಲಿ ಮತ್ತೆ 999ಕ್ಕೆ ಬಂತು. ಇಂಟೆಲ್ ತನ್ನ ಲೂನಾರ್ ಲೇಕ್ ಚಿಪ್‌ನ ಒಳಗೇ ಮೆಮೊರಿ ಕೂರಿಸಿ ಬ್ಯಾಟರಿಯಲ್ಲಿ ಒಳ್ಳೆ ಹೆಸರು ಪಡೆಯಿತು. ಆದರೆ ಹೊರಗಿನಿಂದ ಮೆಮೊರಿ ಕೊಂಡು ಮಾರಿದರೆ ಲಾಭ ಗಿಟ್ಟುವುದಿಲ್ಲ, ಇದು ಒಂದು ಸಲಕ್ಕೆ ಮಾತ್ರ ಅಂತ ಅದರ ಆಗಿನ ಸಿಇಒ ಪ್ಯಾಟ್ ಗೆಲ್ಸಿಂಗರ್ ಹೇಳಿಬಿಟ್ಟರು.

ಈ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಜಿಗಿಯಿತು. ಎಐ ಡೇಟಾಸೆಂಟರ್‌ಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಜಾಸ್ತಿ, ಹಾಗಾಗಿ ಕಾರ್ಖಾನೆಗಳು ಅತ್ತ ವಾಲಿದವು. ಬಿಡಿ ಮೆಮೊರಿ ಕೊಳ್ಳುವವರಿಗೆ ಚಿರಪರಿಚಿತವಾದ ಕ್ರೂಷಿಯಲ್ ಬ್ರ್ಯಾಂಡನ್ನು ಮುಚ್ಚುವುದಾಗಿ ಮೈಕ್ರಾನ್ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಮೈಕಟ್ಟು, ಬ್ಯಾಟರಿ, ಪ್ರೊಸೆಸರ್ ಎಲ್ಲದರಲ್ಲೂ ಉಳಿತಾಯ ಕಂಡುಕೊಂಡ ಕಂಪನಿಗಳ ಮುಂದೆ ಇಂಥ ಹೊತ್ತಿನಲ್ಲಿ ಎರಡೇ ದಾರಿ. ಒಂದೋ 999ರ ಗೆರೆ ಬಿಡಬೇಕು, ಇಲ್ಲವೇ ಗೆರೆ ಉಳಿಸಿಕೊಂಡು ಮೆಮೊರಿ ಕಡಿಮೆ ಮಾಡಬೇಕು. ಬಿಚ್ಚಿ ಹಾಕಬಹುದಾದ ಕಡಿಮೆ ವಿದ್ಯುತ್ತಿನ ಮೆಮೊರಿ, ಎಲ್‌ಪಿಕ್ಯಾಮ್2, 2024ರಲ್ಲೇ ಲೆನೊವೊದ ಥಿಂಕ್‌ಪ್ಯಾಡ್ ಪಿ1ನಲ್ಲಿ ಬಂದಿದೆ. ಆದರೆ ಅದು ಇಂಜಿನಿಯರ್‌ಗಳಿಗೆಂದು ಮಾಡಿದ ದುಬಾರಿ ಯಂತ್ರ. 999 ಡಾಲರ್‌ನ ಸಾಲಿನಲ್ಲಿ ನಿಂತು ಕೊಳ್ಳುವವರು 16 ಸಾಕೋ 32 ಬೇಕೋ ಅನ್ನುವುದನ್ನು ಕಾರ್ಡ್ ಉಜ್ಜುವ ಮೊದಲೇ ತೀರ್ಮಾನಿಸಬೇಕು.