ಕೆಡದ ಅನಿಲದ ಕೇಡು

ಎಕರೆಗಟ್ಟಲೆ ಬಯಲು ಬೇಡುತ್ತಿದ್ದ ವಿದ್ಯುತ್ ಸಬ್‌ಸ್ಟೇಷನ್ ಇಂದು ನಗರದ ನಡುವಿನ ಕಟ್ಟಡವೊಂದರಲ್ಲಿ ಹಿಡಿಸುತ್ತದೆ. ಅದಕ್ಕೆ ಕಾರಣ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಬೆಂಕಿ ಹತ್ತುವುದಿಲ್ಲ; ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ವೋಲ್ಟೇಜ್ ತಡೆಯುತ್ತದೆ. ವಿದ್ಯುತ್ ಹರಿವನ್ನು ಕಡಿಯುವ ಸರ್ಕ್ಯೂಟ್ ಬ್ರೇಕರ್ ತೆರೆದಾಗ ಹೊತ್ತುವ ಕಿಡಿಯ ಬಿಸಿಗೆ ಇದರ ಅಣುಗಳು ಒಡೆದರೂ, ಕಿಡಿ ಆರಿದೊಡನೆ ಬಹುಪಾಲು ಮತ್ತೆ ಕೂಡಿಕೊಳ್ಳುತ್ತವೆ. 1950ರ ದಶಕದಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿ ಇದನ್ನು ಬ್ರೇಕರ್‌ಗಳಿಗೆ ತುಂಬಿದಾಗ ಎಂಜಿನಿಯರುಗಳಿಗೆ ಇನ್ನೇನು ಬೇಕಿತ್ತು?

ಆ ಗಟ್ಟಿತನವೇ ಮುಂದೆ ಮುಳುವಾಯಿತು. ಸೋರಿ ವಾಯುಮಂಡಲ ಸೇರಿದ ಅನಿಲ ಅಲ್ಲಿಯೂ ಕೆಡುವುದಿಲ್ಲ, ಹಲವು ಶತಮಾನ ಉಳಿಯುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದರ ಒಂದು ಕಿಲೋ, ಸುಮಾರು 24 ಟನ್ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿದಿಡುತ್ತದೆ. 1997ರ ಕ್ಯೋಟೊ ಹವಾಮಾನ ಒಪ್ಪಂದದ ಹಸಿರುಮನೆ ಅನಿಲಗಳ ಪಟ್ಟಿಗೆ ಇದು ಸೇರಿತು. ಆದರೂ ಬಳಕೆ ನಿಲ್ಲಲಿಲ್ಲ, ಬದಲಿ ಸಿಕ್ಕಿರಲಿಲ್ಲ.

ಬದಲಿಯನ್ನು ತೂಗುವ ಕೆಲಸ ಎಷ್ಟು ಕಷ್ಟವೆಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ವೋಲ್ಟೇಜ್ ತಡೆದರಷ್ಟೇ ಸಾಲದು. ಚಳಿಗೆ ದ್ರವವಾಗಬಾರದು, ಕಿಡಿಯಲ್ಲಿ ಒಡೆದರೆ ವಿಷ ಹುಟ್ಟಬಾರದು. 2015ರಲ್ಲಿ ಜ್ಯೂರಿಕ್‌ನ ಓರ್ಲಿಕಾನ್ ಸಬ್‌ಸ್ಟೇಷನ್ನಿನಲ್ಲಿ ಎಬಿಬಿ ಕಂಪನಿ ಫ್ಲೋರೋಕೀಟೋನ್ ಎಂಬ ಫ್ಲೋರಿನ್ ಸಂಯುಕ್ತ ಬಳಸಿತು. ಭೂಮಿಯನ್ನು ಬಿಸಿ ಮಾಡುವ ಗುಣ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಅದು ಕುದಿಯುವುದೇ ಸುಮಾರು 27 ಡಿಗ್ರಿಯಲ್ಲಿ. ಹಾಗಾಗಿ ಬೇರೆ ಅನಿಲಗಳಲ್ಲಿ ಸ್ವಲ್ಪವೇ ಬೆರೆಸಬೇಕು. ಇಂಥದೇ ಇನ್ನೊಂದು ಬದಲಿ ಫ್ಲೋರೋನೈಟ್ರೈಲ್ ಮೈನಸ್ 5 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವುದರಿಂದ ಹೆಚ್ಚಿನ ವೋಲ್ಟೇಜಿಗೆ ಒಗ್ಗಿತು. ಇದನ್ನೂ ಶೇಕಡ ಕೆಲವೇ ಪಾಲು ಇಂಗಾಲದ ಡೈಆಕ್ಸೈಡಿನಲ್ಲಿ ಬೆರೆಸುತ್ತಾರೆ. ಆದರೆ ಕಿಡಿಯಲ್ಲಿ ಒಡೆದ ಇದರ ಅಣು ಹಳೆಯ ಅನಿಲದಂತೆ ಮತ್ತೆ ಕೂಡಿಕೊಳ್ಳುವುದಿಲ್ಲ.

ಇವೆರಡನ್ನೂ ತಯಾರಿಸುತ್ತಿದ್ದ 3ಎಂ ಕಂಪನಿ, ಇವೂ ಸೇರಿರುವ, 'ಶಾಶ್ವತ ರಾಸಾಯನಿಕ'ಗಳೆಂದು ಕರೆಯುವ ಪಿಎಫ್‌ಎಎಸ್‌ ತಯಾರಿಕೆಯನ್ನೇ 2025ರ ಕೊನೆಗೆ ಬಿಡುವುದಾಗಿ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಒಂದು ಕೆಡದ ವಸ್ತುವಿನಿಂದ ತಪ್ಪಿಸಿಕೊಳ್ಳಲು ಅದೇ ಕುಲದ ನೆಂಟನ ಮನೆಗೆ ಹೋಗಿದ್ದೆವು ಎನ್ನುವುದು ನನ್ನ ಅನಿಸಿಕೆ.

ನನಗೆ ಹೆಚ್ಚು ಭರವಸೆ ಇರುವುದು ಹಳೆಯ ದಾರಿಯಲ್ಲಿ: ಶುದ್ಧೀಕರಿಸಿದ ಒಣ ಗಾಳಿಯಿಂದ ನಿರೋಧ, ಕಿಡಿ ಆರಿಸಲು ನಿರ್ವಾತ ಬ್ರೇಕರ್. ಉಪಕರಣದ ಗಾತ್ರ ಅಥವಾ ಒಳಗಿನ ಒತ್ತಡ ಹೆಚ್ಚುತ್ತದೆ, ನಿಜ. ಆದರೆ ಸೋರಿದರೆ ಗಾಳಿಯೇ ಗಾಳಿಗೆ ಸೇರುತ್ತದೆ. ಯುರೋಪಿನ 2024ರ ನಿಯಮ 24 ಕಿಲೋವೋಲ್ಟ್‌ವರೆಗಿನ ಹೊಸ ಸ್ವಿಚ್‌ಗೇರ್‌ಗೆ, ಅಂದರೆ ಬ್ರೇಕರ್ ಸೇರಿದ ಉಪಕರಣಕ್ಕೆ, ಇಂಥ ಫ್ಲೋರಿನ್ ಅನಿಲಗಳನ್ನು ಬಿಡಲು 2026ರ ಗಡುವು ಕೊಟ್ಟಿದೆ. 145 ಕಿಲೋವೋಲ್ಟ್ ಮೀರಿದವಕ್ಕೆ 2032. ನಿರ್ವಾತ ಬ್ರೇಕರ್ ಇನ್ನೂ ಏದುಸಿರು ಬಿಡುತ್ತ ಹತ್ತಬೇಕಿರುವ ಮೆಟ್ಟಿಲು ಅದೇ.